ಚರಗ ಬೀಳದ ಮೂಲೆ

ಹೇಳಿ ಮುಗಿಸಿದ ಮೇಲೂ ಅದು ತನ್ನ ಬಾಯಿಂದ ಬಂದ ಮಾತು ಎಂದು ಭಾಗ್ಯಜ್ಯೋತಿಗೆ ಅನ್ನಿಸಲಿಲ್ಲ. ‘ಆಯಿ, ನಾ ಹೊರಗಾಗೇನಿ’ ಎಂದಿದ್ದಳು, ಅಷ್ಟೇ. ಒಲೆಯ ಮುಂದೆ ಕೂತು ಸಜ್ಜಿರೊಟ್ಟಿಗೆ ಎಳ್ಳು ಒತ್ತುತ್ತಿದ್ದ ಸಕ್ರವ್ವ ಹಿಟ್ಟಿನ ಕೈಯನ್ನು ಹಾಗೆಯೇ ಮೇಲೆತ್ತಿ ಹಿಡಿದು ಮೊಮ್ಮಗಳ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಸಂಶಯವೂ ಇರಲಿಲ್ಲ. ಸಂಶಯವಾದರೂ ಇದ್ದಿದ್ದರೆ ಮನಸ್ಸಿಗೆ ಒಂದಿಷ್ಟು ಹಗುರಾಗುತ್ತಿತ್ತು. ‘ಇವತ್ತ? ಎಳ್ಳಮಾಸಿ ದಿವಸ?’ ಎಂದಳು ಮುದುಕಿ. ‘ಅದಕ್ಕೇನ ಕ್ಯಾಲೆಂಡರ್ ನೋಡಿ ಬರೂದು ಗೊತ್ತೈತೇನ ಆಯಿ?’ ಎಂದು ಭಾಗ್ಯಜ್ಯೋತಿ ಬೇಕೆಂದೇ ಸ್ವಲ್ಪ ಸಿಡುಕಿದಳು. ಮುಟ್ಟಾದ ದಿನಗಳಲ್ಲಿ ಅವಳು ಸಿಡುಕುವುದು ಮನೆಯಲ್ಲಿ ಎಲ್ಲರಿಗೂ ರೂಢಿಯಾಗಿತ್ತು. ಬದನೆಕಾಯಿ ಸೀಳುತ್ತಿದ್ದ ಅವ್ವ ಸುಂದರವ್ವ ತಲೆಯೆತ್ತದೆ, ‘ಬುಟ್ಟಿ ಮುಟ್ಟಿಗಿಟ್ಟೀ ಮತ್ತ. ಅತ್ತಾಗ ಸರಿ. ಹೊಲಕ್ಕ ಬರೂದು ಬ್ಯಾಡ, ಮನ್ಯಾಗ ಇರು’ ಎಂದಳು. ಬೇಕಾಗಿದ್ದದ್ದು ಅದೇ ಮಾತು. ಇಷ್ಟು ಸಲೀಸಾಗಿ ಸಿಕ್ಕೀತೆಂದು ಅವಳು ಎಣಿಸಿರಲಿಲ್ಲ. ಹೊರಗೆ ಕಟ್ಟೆಯ ಮೇಲೆ ಬಂದು ಕೂತಾಗ ಎದೆ ಹೊಡೆದುಕೊಳ್ಳುತ್ತಿತ್ತು. ಹೆದರಿಕೆಗೋ ಹುರುಪಿಗೋ ಎಂದು ತನ್ನನ್ನು ತಾನೇ ಕೇಳಿಕೊಂಡಳು. ಎರಡಕ್ಕೂ ಎದೆ ಒಂದೇ ಥರ ಹೊಡೆದುಕೊಳ್ಳುತ್ತದಲ್ಲ ಎಂದು ನಗುವೂ ಬಂತು. ಅವ್ವ ನೋಡಿಯಾಳೆಂದು ಮೊಣಕಾಲ ನಡುವೆ ಮುಖ ಇಟ್ಟುಕೊಂಡಳು. ಹೊಟ್ಟೆನೋವಿನವರು ಕೂರುವುದೂ ಹಾಗೆಯೇ.

ಮಧ್ಯಾಹ್ನ ಹನ್ನೆರಡಕ್ಕೆ ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಯವರು ವೀಡಿಯೊದಲ್ಲಿ ಅವಳ ಇಂಟರ್‌ವ್ಯೂ ಮಾಡುವವರಿದ್ದರು. ದವಾಖಾನೆಗಳಿಗೆ, ಗೋದಾಮುಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವವರು. ಮಾಡಿದ್ದು ಸರಿಯಾಗಿ ನಡೆಯುತ್ತದೋ ಇಲ್ಲವೋ ಎಂದು ಪರೀಕ್ಷಿಸಿ ನೋಡಲು ಒಬ್ಬರು ಬೇಕಾಗಿದ್ದರು. ಬಾದಾಮಿಯ ಲಾಡ್ಜಿನಲ್ಲಿ ಕೌಂಟರಿಗೆ ಕೂರುವ ಅಫ್ಸಾನಾ, ಬಾಗಲಕೋಟೆಯ ಕಾಲೇಜಿನಲ್ಲಿ ನಾಲ್ಕು ವರ್ಷ ಇವಳ ಪಕ್ಕದ ಬೆಂಚಿನವಳು, ಎಲ್ಲಿಂದಲೋ ಹುಡುಕಿ ಕಳಿಸಿದ್ದಳು. ‘ಹೊಸಬರ ಬೇಕಂತ, ಖರೇನ ಹೊಸಬರು’ ಎಂದು ಫೋನಿನಲ್ಲಿ ಕಿರುಚಿದ್ದಳು. ಕಿರುಚುವಂಥದ್ದೇ. ಇಷ್ಟು ದಿನ ನೋಡಿದ ಜಾಹೀರಾತುಗಳಲ್ಲಿ ಮೇಲಿನ ಸಾಲಿನಲ್ಲಿ ಹೊಸಬರು ಬೇಕು ಎಂದಿರುತ್ತಿತ್ತು, ಕೆಳಗಿನ ಸಾಲಿನಲ್ಲಿ ಎರಡು ವರ್ಷದ ಅನುಭವ ಕಡ್ಡಾಯ ಎಂದು. ಅರ್ಜಿ ಹಾಕಿದರೆ, ಈ ವಿಳಾಸಕ್ಕೆ ಉತ್ತರ ಬರೆಯಬೇಡಿ ಎಂಬ ವಿಳಾಸದಿಂದ ಉತ್ತರ ಬರುತ್ತಿತ್ತು. ಒಮ್ಮೆ ಒಂದು ದೊಡ್ಡ ಕಂಪನಿಯ ಪರೀಕ್ಷೆ ಮನೆಯಿಂದಲೇ ಬರೆಯುವುದಿತ್ತು. ಕ್ಯಾಮೆರಾ ಅವಳನ್ನು ಕಾಯುತ್ತಿತ್ತು. ಎಲ್ಲ ಸರಿಯಾಗಿ ಹೊರಟಿತ್ತು, ಅಷ್ಟರಲ್ಲಿ ಸಕ್ರವ್ವ ಚಹಾದ ಕಪ್ಪು ಹಿಡಿದು ಹಿಂದಿನಿಂದ ಬಂದು, ಮೊಮ್ಮಗಳು ಏನು ನೋಡುತ್ತಿದ್ದಾಳೆಂದು ಹೆಗಲ ಮೇಲಿಂದ ಇಣುಕಿದಳು. ಪರದೆ ಕೆಂಪಾಗಿ, ಎರಡು ಮುಖಗಳು ಕಂಡಿವೆ, ಪರೀಕ್ಷೆ ರದ್ದಾಗಿದೆ ಎಂದಿತು. ‘ಹೋತು, ನಿನ್ನ ಕಾಲಾಗ ಹೋತು’ ಎಂದು ಭಾಗ್ಯಜ್ಯೋತಿ ಊರಿಗೆ ಕೇಳುವಂತೆ ಕೂಗಿದ್ದಳು. ಏನು ಹೋಯಿತೆಂದು ಮುದುಕಿಗೆ ತಿಳಿದಿರಲಿಲ್ಲ. ಆದರೆ ಅಂದಿನಿಂದ ಅವಳು ಲ್ಯಾಪ್‌ಟಾಪ್ ತೆರೆದಿರುವ ಕೋಣೆಗೆ ಕಾಲಿಡುವುದಿಲ್ಲ. ಚಹಾ ತಂದರೂ ಹೊಸ್ತಿಲಲ್ಲಿಟ್ಟು ಕೆಮ್ಮಿ ಹೋಗುತ್ತಾಳೆ. ಆ ಕೆಮ್ಮು ಕೇಳಿದಾಗಲೆಲ್ಲ ಭಾಗ್ಯಜ್ಯೋತಿಗೆ ಎದ್ದು ಹೋಗಿ ಕೈ ಹಿಡಿದು ಒಳಗೆ ಕರೆತರಬೇಕೆನ್ನಿಸುತ್ತದೆ. ಏಳುವುದಿಲ್ಲ. ಕಪ್ಪಿನ ಮೇಲೆ ಕೆನೆ ಕಟ್ಟುತ್ತದೆ.

ಈ ಸಲದ್ದನ್ನು ಅದಕ್ಕೇ ಯಾರಿಗೂ ಹೇಳಿರಲಿಲ್ಲ. ಹೇಳಿ ಹೋದರೆ ಬರುವಾಗ ಎರಡು ಸಲ ಸೋತಂತೆ. ಕಿರಾಣಿ ಅಂಗಡಿಯಲ್ಲಿ ಸಕ್ಕರೆ ಕಟ್ಟುವವನಿಂದ ಹಿಡಿದು ಹುನಗುಂದದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ತನಕ, ‘ಏನಾತ ಯವ್ವಾ ನಿಂದು?’ ಎಂದು ಕೇಳುತ್ತಿದ್ದರು. ಕಾಯಿಲೆ ಬಿದ್ದವರನ್ನು ಕೇಳುವ ದನಿಯಲ್ಲಿ. ‘ನೋಡಾಕತ್ತೇನ್ರಿ’ ಎನ್ನುತ್ತಿದ್ದಳು. ಏನನ್ನು ನೋಡುತ್ತಿದ್ದೇನೆ ಎಂದು ಯಾರೂ ಕೇಳುತ್ತಿರಲಿಲ್ಲ, ಅದೊಂದು ಪುಣ್ಯ. ಆದರೆ ಕಂಪನಿಯವರು ಗೊತ್ತು ಮಾಡಿದ ದಿನ ಎಳ್ಳಮಾವಾಸ್ಯೆ. ಅಂದು ಮನೆಗೆ ಬೀಗ ಹಾಕಿ, ಮಕ್ಕಳು ಮುದುಕರೆನ್ನದೆ ಎಲ್ಲರೂ ಹೊಲಕ್ಕೆ ಹೋಗಿ, ಬನ್ನಿಗಿಡದ ಕೆಳಗೆ ಐದು ಕಲ್ಲಿಗೆ ಸುಣ್ಣ ಬಳಿದು ಪೂಜೆ ಮಾಡಿ, ಅಡುಗೆಯನ್ನೆಲ್ಲ ಕಲಸಿ ಚರಗವೆಂದು ಬೆಳೆಯ ಮೇಲೆ ಚೆಲ್ಲಿ ಭೂಮಿಗೆ ಉಣಿಸಿ, ಆಮೇಲೆ ತಾವು ಉಣ್ಣಬೇಕು. ಚರಗದ ದಿನ ನಾನೊಬ್ಬಳೇ ಮನೆಯಲ್ಲಿರುತ್ತೇನೆ ಅಂದರೆ ಮನೆಮಂದಿಯೆಲ್ಲ ಯಾಕೆ ಎಂದು ಕೇಳುತ್ತಿದ್ದರು. ಯಾರೂ ಯಾಕೆ ಎಂದು ಕೇಳದ ಕಾರಣ ಹೆಣ್ಣಿಗೆ ಒಂದೇ ಇತ್ತು. ರಾತ್ರಿ ಅದು ಹೊಳೆದಾಗ ಅವಳು ಹಾಸಿಗೆಯಲ್ಲಿ ಎದ್ದು ಕೂತಿದ್ದಳು. ತಾನು ಬಲು ಜಾಣೆ ಅನ್ನಿಸಿತ್ತು.

ತಿಮ್ಮಣ್ಣ ಕಾಕಾನ ಟ್ರ್ಯಾಕ್ಟರು ಬಾಗಿಲಿಗೆ ಬಂದಾಗ ಬಿಸಿಲು ಏರಿತ್ತು. ಅಪ್ಪ ನೀಲಪ್ಪ ಹೊಸ ಧೋತರ ಉಟ್ಟು ಟ್ರೇಲರಿನಲ್ಲಿ ಬುಟ್ಟಿಗಳನ್ನು ಜೋಡಿಸುತ್ತಿದ್ದ. ಕಡಬು, ಶೇಂಗಾಹೋಳಿಗೆ, ಪುಂಡಿಪಲ್ಯ, ಎಣ್ಣೆಗಾಯಿ, ಒಂದರ ಮೇಲೊಂದು ಇಟ್ಟ ರೊಟ್ಟಿ. ಬಿಳಿ ಅರಿವೆ ಮುಚ್ಚಿದ್ದರೂ ವಾಸನೆ ಕಟ್ಟೆಯ ತನಕ ಬರುತ್ತಿತ್ತು. ‘ಇಂಜಿನಿಯರಮ್ಮ ಬರೂದಿಲ್ಲೇನ?’ ಎಂದ ಕಾಕಾ ಸ್ಟೇರಿಂಗಿನ ಮೇಲೆ ಕೈಯಿಟ್ಟು. ‘ಡ್ರಿಪ್ಪಿನ ಪೈಪ ಸೋರಾಕತ್ತೈತಿ, ಅದನ್ನರ ರಿಪೇರಿ ಮಾಡ್ತಿದ್ಲು. ಅಷ್ಟ ಸಾಲಿ ಕಲತ ಮ್ಯಾಲೆ ಅಷ್ಟೂ ಆಗೂದಿಲ್ಲ ಅಂದ್ರ ಹೆಂಗ?’ ಅವ್ವ ಕಣ್ಣಲ್ಲೇ ಏನೋ ಹೇಳಿದ ಮೇಲೆ ಕಾಕಾನ ಮುಖ ಗಂಭೀರವಾಗಿ ಬೇರೆ ಕಡೆ ತಿರುಗಿತು. ಗಂಡಸರು ಆ ವಿಷಯಕ್ಕೆ ಹೀಗೆ ತಟ್ಟನೆ ಸುಮ್ಮನಾಗುವುದನ್ನು ಅವಳು ಎಂದೂ ಇಷ್ಟು ಸಂತೋಷದಿಂದ ನೋಡಿರಲಿಲ್ಲ. ಸಕ್ರವ್ವನನ್ನು ಇಬ್ಬರು ಹಿಡಿದು ಟ್ರೇಲರಿಗೆ ಹತ್ತಿಸಿದರು. ಹತ್ತಿದ ಮೇಲೆ ಮುದುಕಿ ಮೊಮ್ಮಗಳಿಗೆ, ‘ನಿನಗ ಬ್ಯಾರೆ ತಗದ ಇಟ್ಟೇನಿ ನೋಡು. ಒಲಿ ಬಲಕ್ಕ. ಹಸಗೊಂಡ ಇರಬ್ಯಾಡ, ನಮ್ಮವ್ವ’ ಎಂದಳು. ಪೂಜೆಗೆ ಮುಂಚೆ ಯಾರಿಗೂ ಒಂದು ತುತ್ತು ಕೊಡದವಳು. ಟ್ರ್ಯಾಕ್ಟರಿನ ಸದ್ದು ಓಣಿಯ ತಿರುವಿನಲ್ಲಿ ಕರಗುವ ತನಕ ಭಾಗ್ಯಜ್ಯೋತಿ ಕೈ ಬೀಸುತ್ತ ನಿಂತಿದ್ದಳು.

ಆಮೇಲೆ ಓಡಿದಳು. ಗೋಡೆಗೆ ಬಿಳಿ ಹೊದಿಕೆ ಮೊಳೆ ಹೊಡೆದು ಕಟ್ಟಿದಳು. ಹಿಂದೆ ಕಾಳಿನ ಚೀಲಗಳು ಕಾಣಬಾರದು. ಇಸ್ತ್ರಿ ಮಾಡಿಟ್ಟಿದ್ದ ನೀಲಿ ಕುರ್ತಾ ಹಾಕಿಕೊಂಡಳು. ಕೆಳಗೆ ಮನೆಯಲ್ಲಿ ಹಾಕುವ ಹಳೇ ಪೈಜಾಮವೇ ಇರಲಿ, ಕ್ಯಾಮೆರಾ ಅಲ್ಲಿಗೆ ಇಳಿಯುವುದಿಲ್ಲ. ಕನ್ನಡಿಯ ಮುಂದೆ ನಿಂತು ಇಂಗ್ಲಿಷಿನಲ್ಲಿ ತನ್ನ ಹೆಸರು, ಊರು, ಕಾಲೇಜು ಹೇಳಿಕೊಂಡಳು. ಕನ್ನಡಿಯಲ್ಲಿದ್ದವಳು ಇವಳಿಗಿಂತ ಚೆನ್ನಾಗಿ ಹೇಳುತ್ತಿದ್ದಳು. ಬಾಗಲಕೋಟೆಯ ಕ್ಯಾಂಪಸ್ ಇಂಟರ್‌ವ್ಯೂ ದಿನವೂ ಹೀಗೇ ಹೇಳಿಕೊಂಡಿದ್ದಳು. ನಂಬರು ಬರೆದ ಚೀಟಿಯನ್ನು ಎದೆಗೆ ಚುಚ್ಚಿಕೊಂಡು ಬೆಳಗಿನಿಂದ ಕಾದಿದ್ದಳು. ಕೊನೆಗೆ ಹೊರಗೆ ಬಂದ ಒಬ್ಬ ಹುಡುಗ, ಇನ್ನುಳಿದವರು ಊಟ ಮಾಡಿ ಹೋಗಬಹುದು ಎಂದಿದ್ದ. ಊಟದ ಸಾಲೂ ಮುಗಿದಿತ್ತು. ಆ ಚೀಟಿಯನ್ನು ಕಿತ್ತಾಗ ಬಿದ್ದ ಸಣ್ಣ ತೂತು ಇದೇ ಕುರ್ತಾದಲ್ಲಿತ್ತು. ಬೆರಳಿನಿಂದ ಮುಟ್ಟಿ ನೋಡಿದಳು. ಇವತ್ತು ಅದೂ ಅವಳಿಗೆ ಶುಭವಾಗಿಯೇ ಕಂಡಿತು. ಎಲ್ಲವೂ ಇವತ್ತು ತನ್ನ ಕಡೆಗೇ ಇದೆ ಅನ್ನಿಸುತ್ತಿತ್ತು: ಖಾಲಿ ಮನೆ, ಖಾಲಿ ಓಣಿ, ಕೋಳಿಗಳು ಕೂಡ ಸದ್ದು ಮಾಡದೆ ನೆರಳಲ್ಲಿ ಮಲಗಿರುವುದು.

ಹನ್ನೆರಡಕ್ಕೆ ಇನ್ನು ಸ್ವಲ್ಪವೇ ಹೊತ್ತಿರುವಾಗ ಫ್ಯಾನು ನಿಧಾನವಾಯಿತು. ಅದರ ರೆಕ್ಕೆಗಳು ಒಂದೊಂದಾಗಿ ಬೇರೆ ಬೇರೆ ಕಾಣತೊಡಗಿ, ನಿಂತವು. ಅವಳಿಗೆ ಗೊತ್ತಿತ್ತು. ಊರಲ್ಲಿ ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಗೊತ್ತಿದ್ದೂ, ಲ್ಯಾಪ್‌ಟಾಪಿಗೆ ನೆಟ್ ಕೊಡುತ್ತಿದ್ದ ಫೋನಿನ ಮೂಲೆಯ ಗೆರೆಗಳನ್ನು ನೋಡುತ್ತ ಕೂತಳು. ಅವು ನಾಲ್ಕಿದ್ದದ್ದು ಎರಡಾಗಿ, ಒಂದಾಗಿ, ಒಂದು ಸಣ್ಣ ಕತ್ತರಿ ಗುರುತಾಯಿತು. ಮೀಟಿಂಗಿಗೆ ಸೇರುವ ಗುಂಡಿಯನ್ನು ಒತ್ತಿದಳು. ತಿರುಗುವ ಬಿಳಿ ಉಂಗುರ ತಿರುಗುತ್ತಲೇ ಇತ್ತು. ಮತ್ತೆ ಒತ್ತಿದಳು. ಒತ್ತಿದ್ದು ಅಲ್ಲಿಗೆ ತಲುಪಿತೋ ಇಲ್ಲವೋ ಯಾರು ಹೇಳಬೇಕು? ಮತ್ತೆ ಮತ್ತೆ ಒತ್ತಿದಳು. ಆಮೇಲೆ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು, ಫೋನನ್ನು ಕೈಯಲ್ಲಿ ಹಿಡಿದು, ಬಾಗಿಲ ಚಿಲಕ ಹಾಕಿದಳೋ ಇಲ್ಲವೋ ನೆನಪಿಲ್ಲದೆ, ಓಣಿಯಲ್ಲಿ ಓಡುತ್ತಿದ್ದಳು. ಸಿಗ್ನಲ್ ಸಿಗುವ ಜಾಗ ಒಂದೇ ಇತ್ತು. ಇಳಕಲ್ಲಿನ ದೊಡ್ಡ ರಸ್ತೆಯ ಕಡೆಯ ಟವರಿನ ಸಿಗ್ನಲ್ ಅವರ ಹೊಲದ ಮೂಡಲ ಮೂಲೆಗೆ ಮಾತ್ರ ನೆಟ್ಟಗೆ ಬೀಳುತ್ತದೆ. ಡ್ರಿಪ್ಪಿನ ವಾಲ್ವಿನ ಹತ್ತಿರ ನಿಂತು ಅಪ್ಪ ಯಾವಾಗಲೂ ಹುನಗುಂದದ ಗೊಬ್ಬರದಂಗಡಿಗೆ ಫೋನು ಮಾಡುತ್ತಿದ್ದ.

ಊರು ದಾಟುವಾಗ ಒಂದು ನರಪಿಳ್ಳೆಯೂ ಇರಲಿಲ್ಲ. ಎರಡೂ ಕಡೆ ಹೊಲಗಳಲ್ಲಿ ಮಾತ್ರ ಬಣ್ಣಬಣ್ಣದ ಸೀರೆಗಳು, ನಿಂತ ಟ್ರ್ಯಾಕ್ಟರುಗಳು, ಒಲೆಯಿಲ್ಲದ ಹೊಗೆ, ಅಂದರೆ ಊದಿನಕಡ್ಡಿಯ ಹೊಗೆ. ಅವಳಿಗೆ ಅಳು ಬರಬೇಕಾಗಿತ್ತು. ಬರಲಿಲ್ಲ. ಪೈಜಾಮದ ಕಾಲು ಧೂಳಾಗಿ, ಕೂದಲು ಬಿಚ್ಚಿ, ಎಷ್ಟೋ ವರ್ಷದ ಮೇಲೆ ಹೀಗೆ ಓಡುತ್ತಿದ್ದೇನೆ ಎಂಬುದೇ ಮೈತುಂಬ ಒಂದು ಗೆಲುವಿನಂತೆ ಹರಿಯುತ್ತಿತ್ತು. ಒಂದು ಕಡೆ ಕೂತು ಉತ್ತರ ಕಾಯುವುದಷ್ಟೇ ಕೆಲಸವಾಗಿದ್ದವಳಿಗೆ ಈಗ ಓಡುವುದಕ್ಕೆ ಒಂದು ಕಾರಣ ಸಿಕ್ಕಿತ್ತು. ಆದರೆ ತಮ್ಮ ಹೊಲದ ಬದುವಿಗೆ ಬಂದಾಗ ಕಾಲು ತಾನಾಗಿ ನಿಂತಿತು. ತಾನು ಮುಟ್ಟಾಗಿಲ್ಲ. ಆಗಿದ್ದರೂ ಏನಾಗುತ್ತದೆ? ಹಾಸ್ಟೆಲಿನಲ್ಲಿ ಇದನ್ನೆಲ್ಲ ಎಷ್ಟು ನಕ್ಕಿದ್ದಳು, ಅಫ್ಸಾನಾಳ ಜೊತೆ ಎಷ್ಟು ವಾದಿಸಿದ್ದಳು. ಆದರೆ ಬಿಳಿಜೋಳ ಹೊಡೆ ತುಂಬಿ ಎದೆಮಟ್ಟ ನಿಂತಿತ್ತು, ನಡುನಡುವೆ ಕಡಲೆ ಹೂಬಿಟ್ಟಿತ್ತು, ಮತ್ತು ಆಯಿ ಇವತ್ತು ಅದನ್ನು ತುಂಬಿದ ಬಸುರಿ ಎಂದು ನೋಡಲು ಬಂದಿದ್ದಳು. ಸುಳ್ಳು ಹೇಳಿದ ಮೇಲೆ, ಅದನ್ನು ನಂಬಿದವರ ಕಣ್ಣಿನಲ್ಲಿ ಅದು ಖರೆಯೇ ಆಗಿತ್ತು. ದೂರದಲ್ಲಿ ಬನ್ನಿಗಿಡದ ಕೆಳಗೆ ಅವರೆಲ್ಲ ಬಗ್ಗಿ ಕಲ್ಲಿಗೆ ಕುಂಕುಮ ಹಚ್ಚುತ್ತಿದ್ದರು. ಯಾರೂ ಇತ್ತ ನೋಡುತ್ತಿರಲಿಲ್ಲ. ಫೋನಿನಲ್ಲಿ ಒಂದು ಗೆರೆ ಮೂಡಿತು. ಬದು ದಾಟಿದಳು. ಮೂರು ಗೆರೆಗಳಾದವು.

ವಾಲ್ವಿನ ಪಕ್ಕ ನೆಲದ ಮೇಲೆ ಕೂತು ಸೇರಿದಾಗ ಪರದೆಯಲ್ಲಿ ಇಬ್ಬರು ಆಗಲೇ ಕಾಯುತ್ತಿದ್ದರು. ನಡುವಯಸ್ಸಿನ ಒಬ್ಬ ಮೇಡಂ, ಕುತ್ತಿಗೆಗೆ ಕನ್ನಡಕ ನೇತುಹಾಕಿಕೊಂಡವಳು. ಪಕ್ಕದ ಚೌಕದಲ್ಲಿ ಗಡ್ಡದ ಒಬ್ಬ ಹುಡುಗ. ಮಾತೆಲ್ಲ ಇಂಗ್ಲಿಷಿನಲ್ಲಿ. ಭಾಗ್ಯಜ್ಯೋತಿ ಬಾಯಿಪಾಠ ಶುರು ಮಾಡಿದಳು. ಊರಿನ ಹೆಸರು ದಾಟಿ ಕಾಲೇಜಿಗೆ ಬರುವಷ್ಟರಲ್ಲಿ ಮೇಡಂ ಕೈ ಎತ್ತಿ, ಅದೆಲ್ಲ ನೀವು ಕಳಿಸಿದ್ದರಲ್ಲಿದೆ, ನಿಮಗೆ ಭಾಳ ಸಿಟ್ಟು ಬರಿಸಿದ ಒಂದು ಸಾಫ್ಟ್‌ವೇರ್ ಬಗ್ಗೆ ಹೇಳಿ ಎಂದಳು. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ. ಆಮೇಲೆ ಅವಳು ಪರೀಕ್ಷೆ ಕಾಯುವ ಆ ಕ್ಯಾಮೆರಾದ ಬಗ್ಗೆ ಹೇಳತೊಡಗಿದಳು. ಅದನ್ನು ಮಾಡಿದವರಿಗೆ ಒಬ್ಬರಿಗೊಂದು ಕೋಣೆಯಿರುವ ಮನೆಗಳು ಮಾತ್ರ ಗೊತ್ತು, ಅಜ್ಜಿ ಚಹಾ ತರುವ ಮನೆಗಳಲ್ಲಿ ಅದನ್ನು ಅವರು ಒಮ್ಮೆಯೂ ನಡೆಸಿ ನೋಡಿಲ್ಲ ಎಂದಳು. ವ್ಯಾಕರಣ ಎರಡು ಕಡೆ ಮುರಿಯಿತು. ಮುರಿದದ್ದು ಅವಳಿಗೇ ಕೇಳಿಸಿತು, ಆದರೆ ನಿಲ್ಲಲಾಗಲಿಲ್ಲ. ಇಷ್ಟು ದಿನ ಮುದುಕಿಯ ಮೇಲಿದ್ದ ಸಿಟ್ಟು ಬೇರೆ ಯಾರ ಮೇಲಿರಬೇಕಿತ್ತೆಂದು ಹೇಳುತ್ತ ಹೇಳುತ್ತಲೇ ತಿಳಿಯುತ್ತಿತ್ತು. ಗಡ್ಡದ ಹುಡುಗ ಏನೋ ಬರೆದುಕೊಂಡ. ಮೇಡಂ ಕನ್ನಡಕ ಹಾಕಿಕೊಂಡಳು. ಯಾರೋ ತನ್ನ ಮಾತನ್ನು ಬರೆದುಕೊಳ್ಳುತ್ತಿದ್ದಾರೆ! ಭಾಗ್ಯಜ್ಯೋತಿಯ ಕಿವಿ ಬಿಸಿಯಾದವು.

ಅದೇ ಹೊತ್ತಿಗೆ ಹಿಂದಿನಿಂದ, ‘ಹುಲ್ಲುಲ್ಲಿಗೋ...’ ಎಂದು ಅಪ್ಪನ ದನಿ ಎದ್ದಿತು. ಅದರ ಬೆನ್ನಿಗೇ ಅವ್ವ, ಕಾಕಾ ಎಲ್ಲರೂ ಸೇರಿ, ‘ಚಲ್ಲಾಂಬ್ರಿಗೋ...’ ಎಂದು ಓಗೊಟ್ಟರು. ಚರಗ ಹೊರಟಿತ್ತು. ಈ ಕೂಗು ಯಾರ ಹೊಲದಲ್ಲಿ ಎದ್ದರೂ ಕೇಳಿದವರು ಓಗೊಡುತ್ತಾರೆ. ಬನ್ನಿಗಿಡದಿಂದ ಹೊರಟು ಬದುವಿನ ಗುಂಟ ಇಡೀ ಹೊಲ ಸುತ್ತುತ್ತಾರೆ. ಮುಂದೆ ಒಬ್ಬ ಅನ್ನ ಚೆಲ್ಲುತ್ತ, ಹಿಂದೆ ಒಬ್ಬರು ನೀರು ಚಿಮುಕಿಸುತ್ತ. ಹೊರಟವರು ನಡುವೆ ನಿಲ್ಲುವಂತಿಲ್ಲ, ಯಾರನ್ನೂ ಮಾತಾಡಿಸುವಂತಿಲ್ಲ. ಅದು ಅವಳಿಗೆ ಗೊತ್ತಿತ್ತು. ಅವರ ಸುತ್ತು ಮೂಡಲ ಮೂಲೆಗೆ ಬಂದೇ ಬರುತ್ತದೆ ಎಂಬುದು ಮಾತ್ರ ಓಡಿ ಬರುವ ಅವಸರದಲ್ಲಿ ಮರೆತಿತ್ತು. ದನಿ ಹತ್ತಿರವಾಗುತ್ತಿತ್ತು. ಪರದೆಯಲ್ಲಿ ಹುಡುಗ ಕಿವಿಯ ಹೆಡ್‌ಫೋನನ್ನು ಒತ್ತಿಕೊಂಡು, ಅಲ್ಲಿ ಏನಾದರೂ ಅಪಘಾತವಾಗಿದೆಯೇ ಎಂದು ಕೇಳಿದ. ‘ಇಲ್ಲ ಸರ್’ ಎಂದಳು ಭಾಗ್ಯಜ್ಯೋತಿ, ‘ಅದು ನಮ್ಮಪ್ಪ.’

ಜೋಳದ ಗರಿಗಳು ಸರಿದು ನೀಲಪ್ಪ ಬುಟ್ಟಿ ಹಿಡಿದು ಹೊರಬಂದ. ಮಗಳನ್ನು ಕಂಡ. ಅವನ ಬಾಯಿ ತೆರೆದೇ ಇತ್ತು, ಕೂಗು ಅರ್ಧಕ್ಕೆ ನಿಂತಿತ್ತು, ಕಾಲು ಮಾತ್ರ ನಿಲ್ಲಲಿಲ್ಲ, ನಿಲ್ಲುವಂತಿರಲಿಲ್ಲ. ಮನೆಯಲ್ಲಿರಬೇಕಾದವಳು, ಮುಟ್ಟಾದವಳು, ಹೊಲದ ನಡುವೆ ಯಾರ ಜೊತೆಗೋ ಇಂಗ್ಲಿಷಿನಲ್ಲಿ ಮಾತಾಡುತ್ತ ಕೂತಿದ್ದಾಳೆ. ಅಪ್ಪನ ಮುಖದಲ್ಲಿ ಅದೆಲ್ಲ ಒಂದರ ಮೇಲೊಂದು ಹಾಯ್ದು ಹೋಗುವುದನ್ನು ಅವಳು ನೋಡಿದಳು. ಅವನು ಮೂಲೆಗೆ ಬರದೆ, ಬುಟ್ಟಿಯನ್ನು ಆಚೆ ಮಗ್ಗುಲಿಗೆ ತಿರುಗಿಸಿಕೊಂಡು, ಜೋಳದ ಸಾಲಿನೊಳಗಿಂದಲೇ ಅಡ್ಡಹಾಯ್ದು ಹೊರಟುಹೋದ. ಹಿಂದಿದ್ದ ಅವ್ವನಿಗೆ ಮಗಳು ಕಂಡದ್ದು ಕೈಯೆತ್ತಿದ ಮೇಲೆ. ಬೇವಿನ ಸೊಪ್ಪಿನಿಂದ ಚಿಮ್ಮಿದ ನೀರು ಲ್ಯಾಪ್‌ಟಾಪಿನ ಮೇಲೆ ಬಿದ್ದಿತು. ಮೇಡಂಳ ಮುಖದ ಮೇಲೆ ಹನಿಗಳು ಉರುಳಿದವು. ಭಾಗ್ಯಜ್ಯೋತಿ ಓಢಣಿಯಿಂದ ಮೇಡಂಳ ಮುಖವನ್ನು ಒರೆಸಿದಳು, ಗುಂಡಿಗಳ ನಡುವೆ ಒತ್ತಿ ಒತ್ತಿ ಒರೆಸಿದಳು, ಉಸಿರು ಹಿಡಿದು ಕಾದಳು. ಪರದೆ ಮಿಣುಕಿ, ಆರಿ, ಮತ್ತೆ ಹತ್ತಿತು. ಲೈನು ಹೋಗಿತ್ತು. ಒತ್ತಿದಳು. ಉಂಗುರ ತಿರುಗಿತು. ಸೇರಿತು.

‘ನೀವು ಎರಡು ಸಲ ಬಂದಿದ್ದೀರಿ’ ಎಂದ ಗಡ್ಡದ ಹುಡುಗ. ಮೊದಲಿನ ಭಾಗ್ಯಜ್ಯೋತಿ ಇನ್ನೂ ಅಲ್ಲಿ ಒಂದು ಕಪ್ಪು ಚೌಕವಾಗಿ ನಿಂತಿದ್ದಳು, ಪಕ್ಕದಲ್ಲಿ ಕೂದಲು ಕೆದರಿದ ಎರಡನೆಯವಳು. ಮೇಡಂ ನಗಲಿಲ್ಲ. ತಮ್ಮ ಒಂದು ಕೆಲಸದ ಬಗ್ಗೆ ಹೇಳಿದಳು: ದವಾಖಾನೆಗೆ ಬರುವವರು ಫೋನಿನಿಂದಲೇ ಪಾಳಿಯ ಟೋಕನ್ ತೆಗೆದುಕೊಳ್ಳುವ ವ್ಯವಸ್ಥೆ. ಕೆಲವು ಊರುಗಳಲ್ಲಿ ಒಬ್ಬನೇ ರೋಗಿಗೆ ಎರಡು, ಮೂರು ಟೋಕನ್ ಹೋಗುತ್ತವೆ, ಹಿಂದಿನವರು ಜಗಳವಾಡುತ್ತಾರೆ. ಕಚೇರಿಯಲ್ಲಿ ಎಷ್ಟು ಸಲ ನೋಡಿದರೂ ಸರಿಯಾಗೇ ನಡೆಯುತ್ತದೆ. ನೀವು ಎಲ್ಲಿಂದ ಹುಡುಕಲು ಶುರು ಮಾಡುತ್ತೀರಿ? ಭಾಗ್ಯಜ್ಯೋತಿ ಕಪ್ಪು ಚೌಕವನ್ನು ನೋಡುತ್ತಿದ್ದಳು. ಮನೆಯಲ್ಲಿ ಬಿಳಿ ಉಂಗುರ ತಿರುಗುವಾಗ ತನ್ನ ಬೆರಳು ಮಾಡಿದ್ದನ್ನು ನೋಡುತ್ತಿದ್ದಳು. ‘ಕಚೇರಿಯಿಂದ ಶುರು ಮಾಡುವುದಿಲ್ಲ’ ಎಂದಳು. ‘ಕರೆಂಟು ಹೋದ ಊರಿನಿಂದ.’ ರೋಗಿ ಒತ್ತಿದ್ದು ನಿಮ್ಮನ್ನು ತಲುಪಿರುತ್ತದೆ, ನಿಮ್ಮ ಉತ್ತರ ಅವನಿಗೆ ತಲುಪಿರುವುದಿಲ್ಲ, ನಡುವೆ ಲೈನು ಹೋಗಿರುತ್ತದೆ. ಅವನು ಮತ್ತೆ ಒತ್ತುತ್ತಾನೆ. ಒತ್ತದೆ ಇರಲು ಯಾರಿಂದಲೂ ಆಗುವುದಿಲ್ಲ ಮೇಡಂ. ಎರಡನೇ ಸಲ ಬಂದವನು ಮೊದಲಿನವನೇ ಎಂದು ನಿಮ್ಮ ಸಾಫ್ಟ್‌ವೇರ್ ಗುರುತು ಹಿಡಿಯುವುದಿಲ್ಲ. ಹೇಳುತ್ತಿದ್ದಂತೆ ಅದನ್ನು ಹೇಗೆ ಪರೀಕ್ಷಿಸಬೇಕೆಂಬುದೂ ತಾನಾಗಿ ಬಂತು: ಒತ್ತಿದ ಕೂಡಲೇ ಲೈನು ಕಿತ್ತು ನೋಡುವುದು, ನಿಧಾನ ಮಾಡಿ ನೋಡುವುದು. ಹೊಲ, ಬಿಸಿಲು, ಅಪ್ಪನ ಮುಖ ಎಲ್ಲ ಎಲ್ಲೋ ಹಿಂದೆ ಸರಿದಿದ್ದವು. ಹುಡುಗ ಎದುರು ವಾದ ಹಾಕಿದ. ಅವಳು ಅದಕ್ಕೊಂದು ಹಾಕಿದಳು. ಅವನು ಇನ್ನೊಂದು ಹಾಕಿದ. ಅವಳ ದನಿ ಏರಿತ್ತು. ಇದೇ ಇರಬೇಕು, ಕೆಲಸ ಎಂದರೆ ಇದೇ ಇರಬೇಕು ಎಂದು ತಲೆಯ ಒಂದು ಮೂಲೆ ಕುಣಿಯುತ್ತಿತ್ತು.

‘ಇದು ನಮಗೆ ಗೊತ್ತಿತ್ತು’ ಎಂದಳು ಮೇಡಂ ಕೊನೆಗೆ. ‘ನಿಮಗೆ ಹೊಳೆಯುತ್ತದೋ ನೋಡುತ್ತಿದ್ದೆವು.’ ಇಬ್ಬರೂ ದನಿ ಮುಚ್ಚಿ ಏನೋ ಮಾತಾಡಿಕೊಂಡರು, ತುಟಿಗಳಷ್ಟೇ ಅಲುಗಿದವು. ಆಮೇಲೆ ಮೇಡಂ, ಆರು ತಿಂಗಳು ಟ್ರೇನಿ ಎಂದು ತಗೊಳ್ಳುತ್ತೇವೆ, ಮುಂದಿನದು ನಿಮ್ಮ ಕೆಲಸ ನೋಡಿ, ಸೋಮವಾರ ಹುಬ್ಬಳ್ಳಿಗೆ ಬರಲು ಆಗುತ್ತದೆಯೇ ಎಂದು ಕೇಳಿದಳು. ಹೇಳಬೇಕಾದ ಇಂಗ್ಲಿಷ್ ವಾಕ್ಯ ಸಿದ್ಧವಾಗಿಯೇ ಇತ್ತು. ‘ಬರ್ತೇನ್ರಿ’ ಎಂದುಬಿಟ್ಟಳು.

ಏಳಲು ಹೋದರೆ ಕಾಲು ಜೋಮು ಹಿಡಿದಿದ್ದವು. ಲ್ಯಾಪ್‌ಟಾಪನ್ನು ವಾಲ್ವಿನ ಮೇಲಿಟ್ಟು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಒಂದು ಗಳಿಗೆ ಹಾಗೆಯೇ ಕೂತಳು. ಬಿಟ್ಟರೆ ಏನೋ ಹಾರಿಹೋಗುವಂತಿತ್ತು. ಆಮೇಲೆ ಜೋಳದ ಸಾಲುಗಳ ನಡುವೆ ಬನ್ನಿಗಿಡದ ಕಡೆ ನಡೆದಳು. ಹೇಳಬೇಕಾದದ್ದು ನಾಲಿಗೆಯ ತುದಿಯಲ್ಲಿತ್ತು. ಅವರು ದುಂಡಗೆ ಕೂತಿದ್ದರು, ಎಲ್ಲರ ಮುಂದೆ ರೊಟ್ಟಿಯಿತ್ತು, ಯಾರೂ ಮುರಿದಿರಲಿಲ್ಲ. ‘ಅಲ್ಲೇ ನಿಂದ್ರು’ ಎಂದಳು ಸುಂದರವ್ವ. ‘ಯಾರ ಕೂಡ ಅಷ್ಟ ಜಗಳಾ ಹೂಡಿದ್ದಿವಾ, ಇಂಗ್ಲಿಷ್‌ನ್ಯಾಗ?’ ಎಂದ ತಿಮ್ಮಣ್ಣ ಕಾಕಾ, ‘ನಮಗ ಒಂದಕ್ಷರ ತಿಳೀಲಿಲ್ಲ, ಖರೆ ನೀನ ಗೆದ್ದಿ ಅನಸ್ತು.’ ಯಾರೂ ನಗಲಿಲ್ಲ. ಅಪ್ಪ ನೆಲ ನೋಡುತ್ತಿದ್ದ. ಸಕ್ರವ್ವ ಮೊಮ್ಮಗಳ ಕಡೆ ನೋಡಲೇ ಇಲ್ಲ. ಜ್ವರ ಬಂದ ಮಗುವನ್ನು ನೋಡುವ ಹಾಗೆ, ಹೊಡೆ ತುಂಬಿದ ಹೊಲವನ್ನು ನೋಡುತ್ತಿದ್ದಳು. ಭಾಗ್ಯಜ್ಯೋತಿಯ ನಾಲಿಗೆಯ ತುದಿಯಲ್ಲಿದ್ದದ್ದು ಹಿಂದೆ ಸರಿಯಿತು. ಅದಕ್ಕೆ ಮೊದಲು ಬೇರೆಯದೊಂದು ಹೊರಬರಬೇಕಿತ್ತು, ಅದು ಬಾರದೆ ಇದು ಬರುವಂತಿರಲಿಲ್ಲ.

‘ಆಯಿ, ನಾ ಹೊರಗಾಗಿಲ್ಲ. ಸುಳ್ಳ ಹೇಳೇನಿ.’

ಸಕ್ರವ್ವ ತಿರುಗಿದಳು. ‘ಖರೆ?’

‘ಖರೆ.’

‘ನನ್ನ ಆಣಿ?’

‘ನಿನ್ನ ಆಣಿ.’

ಮುದುಕಿ ದೊಡ್ಡದೊಂದು ಉಸಿರು ಬಿಟ್ಟಳು. ‘ಹಂಗಾರ ಹೊಲಕ್ಕೇನೂ ಆಗಿಲ್ಲ’ ಎಂದು ಯಾರಿಗೋ ವರದಿ ಒಪ್ಪಿಸುವಂತೆ ಹೇಳಿದಳು. ಮೊದಲು ಹೊಲದ ಚಿಂತೆ ಇಳಿಯಿತು. ಆಮೇಲೆ ಸಿಟ್ಟು ಏರಿತು. ‘ಯಾಕ ಹೇಳಿದಿ? ಅದೂ ಇವತ್ತ? ನಾ ಏನ ನಿನ್ನ ಕಟ್ಟಿ ಹಾಕ್ತಿದ್ನೇನ?’

‘ಇಂಟರ್‌ವ್ಯೂ ಇತ್ತು ಆಯಿ. ನಿಮಗ್ಯಾರಿಗೂ ಗೊತ್ತಾಗೂದು ಬ್ಯಾಡಾಗಿತ್ತು.’

‘ಯಾಕ? ನಾ ಬಂದು ಇಣಕ್ತೇನಂತ?’

ಭಾಗ್ಯಜ್ಯೋತಿ ತಲೆ ಅಲ್ಲಾಡಿಸಿದಳು, ಹೌದೋ ಅಲ್ಲವೋ ಅವಳಿಗೇ ತಿಳಿಯದ ಹಾಗೆ. ‘ನಿನ್ನಿಂದ ಏನೂ ಹೋಗಿದ್ದಿಲ್ಲ ಆಯಿ, ಅವತ್ತ’ ಎಂದಳು. ‘ನಾ ಸುಮ್ನ ಅಂದೆ. ಅದು ಅವರ ತಪ್ಪು.’ ಸಕ್ರವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ನೀಲಪ್ಪ ಮೊದಲ ಸಲ ತಲೆಯೆತ್ತಿ, ‘ಆತೇನು?’ ಎಂದ. ಅವನ ದನಿ ಗಟ್ಟಿಯಾಗಿರಲಿಲ್ಲ. ಅವಳು ಬಾಯಿ ತೆರೆದಳು, ಅಷ್ಟರಲ್ಲಿ ಮುದುಕಿ ಕೈ ಅಡ್ಡ ಮಾಡಿದಳು. ‘ತಡೀರಿ. ನೀಲಪ್ಪಾ, ಆ ಮೂಲಿ ಬಿಟ್ಟಿ ನೀ.’

‘ಬಿಟ್ನಿ. ಅಲ್ಲಿ ಇಕಿ ಕುಂತಿದ್ಲಲ್ಲ.’

‘ಬುಟ್ಯಾಗ ಇನ್ನೂ ಐತೇನ?’

‘ಐತಿ.’

‘ಇಕಿ ಕೈಲೇ ಚೆಲ್ಲಸು. ಬಿಡಿಸಿದಾಕಿ ಇಕಿ, ಇಕೀನ ಹೋಗ್ಲಿ.’

‘ಹೆಣ್ಣಹುಡುಗಿ ಕೂಗೂದೇನ್ರಿ ಅತ್ತಿ, ಹೊಲದಾಗ ನಿಂತು?’ ಎಂದಳು ಸುಂದರವ್ವ.

‘ಇಷ್ಟೊತ್ತನ ಕೂಗಲಿಲ್ಲೇನ? ಸುತ್ತ ನಾಕ ಹೊಲಕ್ಕ ಕೇಳಸ್ತು.’ ಮುದುಕಿ ಬುಟ್ಟಿಯನ್ನು ತಾನೇ ಎತ್ತಿ ಮೊಮ್ಮಗಳ ಕೈಗೆ ಕೊಟ್ಟಳು. ‘ಏನಾರ ಇರಲಿ, ಆಮ್ಯಾಲೆ ಹೇಳವಂತಿ. ಭೂಮ್ತಾಯಿ ಆ ಮೂಲ್ಯಾಗ ಹಸದ ಕುಂತಾಳ. ಅಕೀದು ಮೊದಲ.’

ಬುಟ್ಟಿ ಸೊಂಟಕ್ಕೆ ಭಾರವಾಗಿತ್ತು. ಬದುವಿನ ಗುಂಟ ಅವಳು ಒಬ್ಬಳೇ ನಡೆದಳು. ಹಿಂದೆ ನೀರು ಚಿಮುಕಿಸಲು ಅವ್ವ ಎದ್ದಳೋ ಇಲ್ಲವೋ ನೋಡಲಿಲ್ಲ. ಮೂಲೆಯಲ್ಲಿ ನಿಂತು ಮೊದಲ ಹಿಡಿ ಚೆಲ್ಲಿದಳು. ಕಡಬಿನ ಚೂರು, ಅನ್ನ, ಪಲ್ಯ ಜೋಳದ ಗರಿಗಳ ಮೇಲೆ ಪಟಪಟನೆ ಬಿದ್ದವು. ‘ಹುಲ್ಲುಲ್ಲಿಗೋ’ ಎಂದಳು, ಅದು ಗಂಟಲಿನಲ್ಲೇ ಉಳಿಯಿತು, ಪಕ್ಕದ ದಂಟಿಗೂ ಕೇಳಿಸಿರಲಾರದು. ಇನ್ನೊಂದು ಹಿಡಿ. ಈ ಸಲ ದನಿ ಬಂತು, ಬಂದದ್ದು ತನ್ನದಲ್ಲ ಎನ್ನುವಷ್ಟು ದೊಡ್ಡದಾಗಿ ಬಂತು. ಆಮೇಲೆ ಬದುವಿನಾಚೆ, ಯಾರ ಹೊಲದಿಂದಲೋ, ಇವಳನ್ನು ಕಾಣದ ಯಾರೋ ಬಾಯಿತುಂಬ ಊಟವಿಟ್ಟುಕೊಂಡೇ, ‘ಚಲ್ಲಾಂಬ್ರಿಗೋ...’ ಎಂದರು. ಅವಳ ಮೈಯೆಲ್ಲ ಜುಂ ಎಂದಿತು. ಮೂರನೆಯ ಹಿಡಿ ಎತ್ತಿ, ಬೀಸಿ, ಅದೇ ರಾಗದಲ್ಲಿ, ಅಷ್ಟೇ ಎಳೆದು, ‘ಸೋಮವಾರ ಹುಬ್ಬಳ್ಳಿಗಿ ಹೊಂಟೇನೋ... ನೌಕರಿ ಸಿಕ್ಕೈತೋ...’ ಎಂದು ಕೂಗಿದಳು.

ಬನ್ನಿಗಿಡದ ಕೆಳಗೆ ಎಲ್ಲರೂ ಒಟ್ಟಿಗೇ ಎದ್ದು ನಿಂತದ್ದು, ಕಾಕಾನ ಕೈಯಿಂದ ರೊಟ್ಟಿ ಜಾರಿದ್ದು, ಆಯಿ ಅಪ್ಪನ ಹೆಗಲು ಹಿಡಿದು ಏನಂದಳು ಏನಂದಳು ಎಂದು ಅಲುಗಿಸುತ್ತಿರುವುದು ಅವಳಿಗೆ ಓರೆಗಣ್ಣಿನಲ್ಲಿ ಕಂಡಿತು. ಅವರು ಇನ್ನೂ ಬಾಯಿ ತೆರೆದಿರಲಿಲ್ಲ, ಅಷ್ಟರಲ್ಲಿ ಮೂಡಲ ಹೊಲದವರು, ಪಡುವಲ ಹೊಲದವರು, ಅವರಾಚೆಯ ಹೊಲದವರು, ಏನು ಕೂಗಿದಳೆಂದು ಒಬ್ಬರಿಗೂ ತಿಳಿಯದಿದ್ದರೂ, ಎಲ್ಲರೂ ಒಂದೇ ದನಿಯಲ್ಲಿ ಓಗೊಟ್ಟರು: ‘ಚಲ್ಲಾಂಬ್ರಿಗೋ...’